ಆರೈಕೆಯೂ ತಾರತಮ್ಯವೂ: ಮೈಸೂರು ಸೀಮೆಯ ಗ್ರಾಮಾಧ್ಯಯನಗಳ ಒಂದು ವಿಮರ್ಶೆ

1

ಮಾನವಶಾಸ್ತ್ರವು ಜನಜೀವನದ ಶಾಸ್ತ್ರವೆಂದು ಪ್ರಸಿದ್ಧವಾಗಿದೆ. ಜೀವನವೆಂಬುದು ಬಹುಪಾಲು ನಿತ್ಯದ ಜೀವನವೇ. ನೀರು ತರುವುದು, ಒಲೆ ಹೊತ್ತಿಸುವುದು, ಕೂಸಿಗೆ ಎರೆಯುವುದು, ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವುದು, ಹಲ್ಲಿಲ್ಲದ ಮುದುಕರಿಗೆ ಗಂಜಿ ಕಾಯಿಸುವುದು, ಇವು ನಡೆಯದ ದಿನ ಯಾವ ಊರಿನಲ್ಲಿಯೂ ಇಲ್ಲ. ಆದರೂ ನಮ್ಮ ಸೀಮೆಯ ಗ್ರಾಮಾಧ್ಯಯನ ಗ್ರಂಥಗಳನ್ನು ತೆರೆದು ನೋಡುವ ವಾಚಕರಿಗೆ ಭೂಮಿ, ಜಾತಿ, ಪಂಚಾಯಿತಿ, ಕಕ್ಷಿ, ಹಬ್ಬ ಇವುಗಳ ವಿಚಾರವಾಗಿ ದೊರೆಯುವಷ್ಟು ತಿಳಿವಳಿಕೆ ಈ ಕೆಲಸಗಳ ವಿಚಾರವಾಗಿ ದೊರೆಯುವುದಿಲ್ಲ. ಈ ಕೊರತೆ ಹೇಗೆ ಉಂಟಾಯಿತು, ಅದರಿಂದ ಸಾಮಾಜಿಕ ತಾರತಮ್ಯದ ಅಧ್ಯಯನಕ್ಕೆ ಒದಗಿದ ನಷ್ಟವೇನು, ಯಲಹಂಕ, ಹೆಬ್ಬಾಳ, ಯಶವಂತಪುರಗಳಂಥ ಕಡೆಗಳಲ್ಲಿ ಕ್ಷೇತ್ರಕಾರ್ಯ ನಡೆಸತಕ್ಕ ಇಂದಿನ ವಿದ್ಯಾರ್ಥಿಯು ಆ ಕೊರತೆಯನ್ನು ಹೇಗೆ ತುಂಬಬಹುದು ಎಂಬ ಮೂರು ಪ್ರಶ್ನೆಗಳನ್ನು ನಾವು ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಸಂಗ್ರಹವಾಗಿ ಹೇಳಿಬಿಡುವುದು ಲೇಸು. ತಾರತಮ್ಯವು ಜಮೀನಿನ ದಾಖಲೆಯಲ್ಲಿಯೂ ಪಂಗ್ತಿಭೋಜನದಲ್ಲಿಯೂ ಕಾಣಿಸಿಕೊಳ್ಳುತ್ತದೆ, ನಿಜ. ಆದರೆ ಅದು ದಿನದಿನವೂ ಹೊಸದಾಗಿ ಹುಟ್ಟುವುದು ಯಾರು ಯಾರ ಆರೈಕೆ ಮಾಡಬೇಕು, ಯಾರ ಆರೈಕೆಗೆ ಯಾರೂ ಇಲ್ಲ ಎಂಬ ಏರ್ಪಾಡಿನಲ್ಲಿ. ಆ ಏರ್ಪಾಡನ್ನು ನೋಡದೆ ತಾರತಮ್ಯವನ್ನು ಅಳೆಯಹೊರಟರೆ ಅಳತೆ ಅರ್ಧಕ್ಕೇ ನಿಲ್ಲುತ್ತದೆ.

2

ಮೈಸೂರು ಸೀಮೆಯಲ್ಲಿ ಈ ಶಾಸ್ತ್ರಕ್ಕೆ ದೀರ್ಘವಾದ ಪರಂಪರೆಯಿದೆ. ಮೈಸೂರು ವಿಶ್ವವಿದ್ಯಾನಿಲಯದ ಪ್ರಥಮ ಉಪಕುಲಪತಿಗಳಾದ ಎಚ್. ವಿ. ನಂಜುಂಡಯ್ಯನವರು ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಸಂಸ್ಥಾನದ ಜಾತಿ, ಬುಡಕಟ್ಟುಗಳ ಸಮೀಕ್ಷೆಯನ್ನು ಕೈಗೊಂಡರು. ಅದನ್ನು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಮುಂದುವರಿಸಿ, 1928ರಿಂದ 1935ರ ಅವಧಿಯಲ್ಲಿ ನಾಲ್ಕು ಸಂಪುಟಗಳಾಗಿ ಹೊರತಂದರು. ಒಂದೊಂದು ಜಾತಿಯ ಉತ್ಪತ್ತಿ, ವಿವಾಹ, ಜನನ, ಮರಣ, ಆಹಾರ, ವೃತ್ತಿ ಎಂಬ ಕ್ರಮದಲ್ಲಿ ಸಾಗುವ ಆ ಬರವಣಿಗೆಯಲ್ಲಿ ಸಂಸ್ಕಾರಗಳ ವಿವರ ಯಥೇಷ್ಟವಾಗಿದೆ. ಬಾಣಂತಿಗೆ ಎಷ್ಟನೆಯ ದಿನ ಮೈಲಿಗೆ ಕಳೆಯುತ್ತದೆಂಬುದು ಅಂಥ ಸಮೀಕ್ಷೆಗೆ ಸಲ್ಲುವ ಪ್ರಶ್ನೆ. ಅಷ್ಟು ದಿನ ಆಕೆಗೆ ನೀರು ಕಾಯಿಸಿದವರು ಯಾರು, ಆ ದಿನಗಳಲ್ಲಿ ಅವರ ಸ್ವಂತ ಮನೆಯ ಗತಿ ಏನಾಯಿತು ಎಂಬುದು ಅಂಥ ಸಮೀಕ್ಷೆ ಕೇಳಿಕೊಂಡ ಪ್ರಶ್ನೆಯಲ್ಲ.

ಸ್ವಾತಂತ್ರ್ಯಾನಂತರದ ಪೀಳಿಗೆಯು ಸಂಸ್ಕಾರಗಳ ಪಟ್ಟಿಯನ್ನು ಬಿಟ್ಟು, ಒಂದೇ ಊರಿನಲ್ಲಿ ನೆಲಸಿ ಅಲ್ಲಿಯ ಬಾಳನ್ನು ಕಣ್ಣಾರೆ ಕಾಣುವ ಮಾರ್ಗವನ್ನು ಹಿಡಿಯಿತು. ಪ್ರಾಧ್ಯಾಪಕ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲಸಿ, 1952ರ ಬೇಸಗೆಯಲ್ಲಿ ಮತ್ತೆ ಅಲ್ಲಿಗೆ ಹೋದರು. ಶಾಸ್ತ್ರಲೋಕ ಅದನ್ನು 'ರಾಮಪುರ'ವೆಂಬ ಕಲ್ಪಿತ ಹೆಸರಿನಿಂದ ಬಲ್ಲುದು. ಆಲನ್ ಬೀಲ್ಸರು ಬೆಂಗಳೂರಿಗೆ ಸಮೀಪದ 'ನಮ್ಮಹಳ್ಳಿ'ಯನ್ನು ಅಭ್ಯಸಿಸಿದರು. ಸ್ಕಾರ್ಲೆಟ್ ಎಪ್‌ಸ್ಟೈನರು 1954ರಿಂದ ಮಂಡ್ಯ ಸೀಮೆಯ ಎರಡು ಊರುಗಳಲ್ಲಿ, ಕಾಲುವೆಯ ನೀರು ಕಂಡ 'ವಂಗಲ'ದಲ್ಲಿಯೂ ಖುಷ್ಕಿಯಾಗಿಯೇ ಉಳಿದ 'ದಲೇನ'ದಲ್ಲಿಯೂ, ಕೆಲಸ ಮಾಡಿ 1962ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ನೀರು ಬಂದ ಊರಿನಲ್ಲಿ ಒಕ್ಕಲು ಮನೆತನಗಳಿಗೂ ಆಳುಮನೆತನಗಳಿಗೂ ಇದ್ದ ಹಳೆಯ ಕಟ್ಟು ಉಳಿದುಕೊಂಡಿತು, ನೀರು ಬಾರದೆ ಜನ ಹೊರಗೆ ದುಡಿಮೆ ಅರಸಿದ ಊರಿನಲ್ಲಿ ಅದು ಸಡಿಲವಾಯಿತು ಎಂಬ ಅವರ ನಿಗಮನ ಇಂದಿಗೂ ಚರ್ಚೆಗೆ ಯೋಗ್ಯವಾಗಿದೆ.

ಈ ಪರಂಪರೆಯನ್ನು ಹಗುರವಾಗಿ ಕಾಣುವುದು ನಮ್ಮ ಉದ್ದೇಶವಲ್ಲ. ಆದರೆ ಇದು ತಾರತಮ್ಯವನ್ನು ಹುಡುಕಿದ ಸ್ಥಳಗಳು ಯಾವುವೆಂಬುದನ್ನು ಗಮನಿಸಬೇಕು. 1959ರಲ್ಲಿ ಶ್ರೀನಿವಾಸರು ರಾಮಪುರದ ಒಕ್ಕಲಿಗರನ್ನು ನಿದರ್ಶನವಾಗಿ ಇಟ್ಟುಕೊಂಡು ಪ್ರಬಲ ಜಾತಿಯ ಲಕ್ಷಣಗಳನ್ನು ನಿರೂಪಿಸಿದರು. ಜನಸಂಖ್ಯೆ, ಭೂಮಿಯ ಒಡೆತನ, ತೀರ ಕೆಳಗಲ್ಲದ ಜಾತಿಸ್ಥಾನ, ಹೊಸ ವಿದ್ಯೆ ಮತ್ತು ಅದರಿಂದ ದೊರೆಯುವ ಉದ್ಯೋಗ, ಇವು ಆ ಲಕ್ಷಣಗಳು. ಇವೆಲ್ಲವೂ ಜಗಲಿಯ ಮೇಲೆ ಕುಳಿತು ತಿಳಿಯಬಹುದಾದ ಸಂಗತಿಗಳು. ಹೊಸ್ತಿಲು ದಾಟಿ ಒಳಗೆ ಹೋದರೆ ಮಾತ್ರ ತಿಳಿಯುವ ಸಂಗತಿ ಇವುಗಳಲ್ಲಿ ಒಂದೂ ಇಲ್ಲ.

3

1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಶ್ರೀನಿವಾಸರು ವರ್ಷಾಂತರಗಳಿಂದ ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಬಳಿಕ ಅವರು ನೆನಪನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಪ್ರಕಟವಾಯಿತು. ಕೋಷ್ಟಕಗಳ ಭಾರವಿಲ್ಲದೆ ಮನುಷ್ಯರನ್ನು ಮನುಷ್ಯರನ್ನಾಗಿ ಕಾಣುವ ಈ ಗ್ರಂಥವು ನಮ್ಮ ಶಾಸ್ತ್ರದ ಶ್ರೇಷ್ಠ ಕೃತಿಗಳಲ್ಲಿ ಒಂದು ಎಂಬುದು ನಿರ್ವಿವಾದ.

ಈ ಗುಣವೇ ವಿಮರ್ಶಕನಿಗೆ ಒಂದು ಅವಕಾಶವನ್ನು ಒದಗಿಸುತ್ತದೆ. ಟಿಪ್ಪಣಿಯ ಪುಸ್ತಕವು ಸಿಕ್ಕಿದ್ದೆಲ್ಲವನ್ನೂ ಹಿಡಿದಿಡುತ್ತದೆ. ನೆನಪಾದರೋ ಸಹವಾಸದಲ್ಲಿದ್ದವರನ್ನು ಮೊದಲು ಉಳಿಸಿಕೊಳ್ಳುತ್ತದೆ. ಗ್ರಂಥದ ಒಂದು ಅಧ್ಯಾಯವು ಊರಿನ ಮೂವರು ಮುಖ್ಯ ವ್ಯಕ್ತಿಗಳಿಗೆ ಮೀಸಲಾಗಿದೆ. ಪಟೇಲರು, ಕುಳ್ಳೇಗೌಡರು, ನಾಡುಗೌಡರು, ಮೂವರೂ ಪುರುಷರು. ಸ್ತ್ರೀಪುರುಷರನ್ನೂ ಸಂಸಾರವನ್ನೂ ಕುರಿತು ಪ್ರತ್ಯೇಕ ಅಧ್ಯಾಯವೊಂದು ಇದೆಯೆಂಬುದನ್ನು ಮರೆಯುವಂತಿಲ್ಲ. ಹೆಂಗಸರ ದುಡಿಮೆಯನ್ನು ಶ್ರೀನಿವಾಸರು ಕಾಣಲಿಲ್ಲವೆನ್ನುವುದು ಅನ್ಯಾಯವಾದೀತು. ಆದರೆ ಅಲ್ಲಿ ಸಂಸಾರದ ಮಾತನ್ನು ಆಡುವವರು ಹೆಚ್ಚಾಗಿ ಗಂಡಸರು. ಅವಿವಾಹಿತ ತರುಣ ಬ್ರಾಹ್ಮಣರೊಬ್ಬರು, ಪಟೇಲರ ಎತ್ತಿನ ಮನೆಯಲ್ಲಿ ಬಿಡಾರ ಮಾಡಿ, ಊರಿನ ಹೆಂಗಸರೊಡನೆ ನಿಸ್ಸಂಕೋಚವಾಗಿ ಮಾತನಾಡಲು 1948ರಲ್ಲಿ ಸಾಧ್ಯವಿರಲಿಲ್ಲ. ದಲಿತರ ಕೇರಿಗೂ ಅವರಿಗೂ ನಡುವೆ ಇಂಥದೇ ಅಂತರವಿದ್ದಿತು. ತಮಗೆ ದೊರೆತದ್ದು ಮೇಲುಜಾತಿಯವರ ಕಣ್ಣಿನಿಂದ ಕಂಡ ಊರು ಎಂಬುದನ್ನು ಶ್ರೀನಿವಾಸರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಆ ಪ್ರಾಮಾಣಿಕತೆ ಶ್ಲಾಘ್ಯ.

ಆದರೆ ಒಂದು ಮಾತು ಉಳಿಯುತ್ತದೆ. ಕ್ಷೇತ್ರಕ್ಕೆ ಹೋಗುವಾಗ ಶ್ರೀನಿವಾಸರು ಬ್ರಾಹ್ಮಣ ಅಡುಗೆಯವನೊಬ್ಬನನ್ನು ಜೊತೆಯಲ್ಲಿ ಕರೆದೊಯ್ದಿದ್ದರು. ಆ ಕಾಲದ ಆಚಾರ ಅಂಥದಾಗಿದ್ದಿತು, ಅದನ್ನು ದೋಷವೆನ್ನಲಾಗದು. ಆದರೂ ಊರಿನ ಅಧ್ಯಯನವು ದಿನವೂ ಬೇಯುತ್ತಿದ್ದ ಒಂದು ಅಡುಗೆಯ ಮೇಲೆ, ಒಬ್ಬರ ದುಡಿಮೆಯ ಮೇಲೆ ನಿಂತಿತ್ತು. ಸಂಶೋಧಕನ ಊಟಕ್ಕೆ ಯಾರು ಹೊಣೆ, ಆತನ ಬಟ್ಟೆ ಒಗೆಯುವವರು ಯಾರು, ಆತನಿಗೆ ಜ್ವರ ಬಂದರೆ ನೋಡಿಕೊಳ್ಳುವವರು ಯಾರು ಎಂಬ ವಿವರ ಕ್ಷೇತ್ರಕಾರ್ಯದ ಅನುಬಂಧವಲ್ಲ. ಕ್ಷೇತ್ರದ ಒಂದು ಭಾಗವೇ. ಪೀಠಿಕೆಯ ಕೃತಜ್ಞತೆಗಳಲ್ಲಿ ಮುಗಿಸಿಬಿಡುವ ಈ ಸಂಗತಿಯನ್ನು ಗ್ರಂಥದ ಒಳಕ್ಕೆ ತಂದಿದ್ದರೆ ಜಾತಿಯೂ ಆರೈಕೆಯೂ ಕೂಡುವ ಗಂಟು ಮೊದಲ ದಿನವೇ ಕಣ್ಣಿಗೆ ಬೀಳುತ್ತಿದ್ದಿತು.

4

ಇದು ನಮ್ಮ ಸೀಮೆಗೆ ಮಾತ್ರ ಸಂಬಂಧಿಸಿದ ಕೊರತೆಯಲ್ಲ. ನಿತ್ಯಜೀವನದ ಸಣ್ಣಪುಟ್ಟ ಸಂಗತಿಗಳನ್ನು ಬಿಡದೆ ಬರೆದಿಟ್ಟುಕೊಳ್ಳಬೇಕೆಂದು 1922ರಷ್ಟು ಹಿಂದೆಯೇ ವಿಧಿಸಿದ ಮಲಿನೋವ್‌ಸ್ಕಿಯವರ ಉದಾಹರಣೆಯನ್ನು ನೋಡಬಹುದು. ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಅವರು ಗಂಡಸರು ಕಡಲಾಚೆಗೆ ನಡೆಸುವ ವಿನಿಮಯವನ್ನು ಅಮೋಘವಾಗಿ ವರ್ಣಿಸಿದರು. ಅದೇ ದ್ವೀಪಗಳಿಗೆ 1970ರ ದಶಕದಲ್ಲಿ ಹೋದ ಆನೆಟ್ ವೈನರ್, ಸಾವಿನ ಮನೆಗಳಲ್ಲಿ ಹೆಂಗಸರು ತಾವು ಸಿದ್ಧಪಡಿಸಿದ ಬಾಳೆಯೆಲೆಯ ಕಟ್ಟುಗಳನ್ನು ಹಂಚುವುದನ್ನು ಕಂಡು, ಅದೂ ಸಂಪತ್ತೇ, ಅದರ ಹಂಚಿಕೆಯಿಂದಲೇ ಕುಲಗಳ ನಡುವಣ ಸಂಬಂಧ ನವೀಕರಣಗೊಳ್ಳುತ್ತದೆ ಎಂದು 1976ರ ತಮ್ಮ ಗ್ರಂಥದಲ್ಲಿ ಸಿದ್ಧಪಡಿಸಿದರು. ರಾಮಪುರದ ನೆನಪಿನ ಗ್ರಂಥ ಬಂದದ್ದೂ ಅದೇ ವರ್ಷ. ಮಲಿನೋವ್‌ಸ್ಕಿಯವರ ಕಣ್ಣೆದುರಿಗೇ ಇದ್ದ ವಸ್ತು ಅವರ ಶಾಸ್ತ್ರಕ್ಕೆ ಹೊರಗಾಗಿ ಉಳಿದುದಕ್ಕೆ ಕಾರಣ ಪರಿಶ್ರಮದ ಅಭಾವವಲ್ಲ. ಮೌಲ್ಯವುಳ್ಳದ್ದು ಯಾವುದು ಎಂಬ ಪೂರ್ವನಿಶ್ಚಯವೇ ಕಾರಣ.

ನಮ್ಮಲ್ಲಿಯೂ ಅಂಥ ಎರಡನೆಯ ನೋಟ ಒದಗಿಬಂದಿದೆ. ಆದರೆ ಅದು ಬಹುಮಟ್ಟಿಗೆ ಶಾಸ್ತ್ರದ ಹೊರಗಿನಿಂದ ಬಂದಿತು. ಸಿದ್ಧಲಿಂಗಯ್ಯನವರ 'ಊರು ಕೇರಿ', ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಮೊದಲಾದ ಆತ್ಮಕಥನಗಳಲ್ಲಿ ಹಸಿವು, ಅನ್ನ, ತಾಯಂದಿರ ದುಡಿಮೆ, ನೀರಿನ ನಿರಾಕರಣೆ ಇವು ಕೇರಿಯ ಕಡೆಯಿಂದ ನಿರೂಪಿತವಾಗಿವೆ. ಜಗಲಿಯಿಂದ ಕಂಡ ಊರಿಗೆ ಕೇರಿಯಿಂದ ಕಂಡ ಊರು ಉತ್ತರ ಹೇಳಿದಂತಾಯಿತು. ಮಾನವಶಾಸ್ತ್ರದ ವಿದ್ಯಾರ್ಥಿಯು ಇವುಗಳನ್ನು ಸಾಹಿತ್ಯವೆಂದು ಪಕ್ಕಕ್ಕಿಡದೆ, ಸಾಕ್ಷ್ಯವೆಂದು ಓದತಕ್ಕದ್ದು.

5

ಆರೈಕೆಯನ್ನು ಅಧ್ಯಯನದ ವಸ್ತುವಾಗಿ ಮಾಡಿಕೊಳ್ಳಲು ಕನ್ನಡವೇ ಉತ್ತಮ ಸಾಧನವನ್ನು ಒದಗಿಸುತ್ತದೆ ಎಂಬುದು ನಮ್ಮ ನಂಬಿಕೆ. ಪಾಶ್ಚಾತ್ಯ ಲೇಖಕರು ಒಂದೇ ಪದದಲ್ಲಿ ಅಡಗಿಸುವುದನ್ನು ನಮ್ಮ ನುಡಿ ಹಲವಾಗಿ ಬಿಡಿಸಿ ಹೇಳುತ್ತದೆ. ತಾಯಿ ಮಗುವಿಗೆ ಮಾಡುವುದು ಆರೈಕೆ. ಮಗಳು ತವರಿನಲ್ಲಿ ಪಡೆಯುವುದು ಬಾಣಂತನ. ಅತಿಥಿಗೆ ಮಾಡುವುದು ಉಪಚಾರ. ಸೊಸೆ ಅತ್ತೆಮಾವಂದಿರಿಗೆ ಮಾಡುವುದು ಸೇವೆ. ಆಸ್ಪತ್ರೆಯಲ್ಲಿ ನಡೆಯುವುದು ಶುಶ್ರೂಷೆ. ಇನ್ನೊಬ್ಬರ ಮನೆಯಲ್ಲಿ ಸಂಬಳಕ್ಕೆ ಮಾಡುವುದು ಚಾಕರಿ. ಮೈ ತೊಳೆಸುವ ಕೆಲಸ ಒಂದೇ. ಮಾಡುವವರೂ ಮಾಡಿಸಿಕೊಳ್ಳುವವರೂ ಯಾರೆಂಬುದರ ಮೇಲೆ ಹೆಸರು ಬದಲಾಗುತ್ತದೆ. ಹೆಸರಿನೊಡನೆ ಮರ್ಯಾದೆಯೂ ಪ್ರತಿಫಲವೂ ಬದಲಾಗುತ್ತವೆ. ಸೇವೆಗೆ ಪುಣ್ಯ, ಉಪಚಾರಕ್ಕೆ ಕೀರ್ತಿ, ಚಾಕರಿಗೆ ಕೂಲಿ. ಯಾವ ಮನೆಯಲ್ಲಿ ಯಾವ ಕೆಲಸವನ್ನು ಯಾವ ಹೆಸರಿನಿಂದ ಕರೆಯುತ್ತಾರೆಂದು ಬರೆದುಕೊಂಡರೆ ಆ ಮನೆಯ ತಾರತಮ್ಯದ ನಕ್ಷೆಯ ಬಹುಭಾಗ ದೊರೆತಂತೆಯೇ.

ಸೂಲಗಿತ್ತಿಯ ವೃತ್ತಿಯನ್ನು ಇಲ್ಲಿ ನೆನೆಯಬಹುದು. ನಮ್ಮ ಹಲವು ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದವರು ಕೆಳಗಿನವರೆಂದು ಎಣಿಸಲ್ಪಟ್ಟ ಜಾತಿಗಳ ಹೆಂಗಸರು. ಬೇರೆ ದಿನ ಹೊಸ್ತಿಲಾಚೆ ನಿಲ್ಲಬೇಕಾದ ಕೈಗೆ ಹೆರಿಗೆಯ ದಿನ ನಡುಮನೆಯಲ್ಲಿ ಪ್ರವೇಶವಿದ್ದಿತು. ಕೆಲಸ ಮುಗಿದ ಮೇಲೆ ಆ ಕೈ ಮತ್ತೆ ಹೊರಗೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಪ್ರತಿಫಲ ಬಯಸದೆ ಸಾವಿರಾರು ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರಿಗೆ ಸಂದ ಗೌರವ ಉಚಿತವೇ. ಆದರೆ ಸನ್ಮಾನವು ವ್ಯಕ್ತಿಗೆ ದೊರೆಯುತ್ತದೆ. ವೃತ್ತಿಯು ಇದ್ದಲ್ಲಿಯೇ ಉಳಿಯುತ್ತದೆ. ಆರೈಕೆಯನ್ನು ತ್ಯಾಗವೆಂದು ಕೊಂಡಾಡುವ ಸಮಾಜವು ಅದನ್ನು ದುಡಿಮೆಯೆಂದು ಎಣಿಸಲು ಏಕೆ ಹಿಂಜರಿಯುತ್ತದೆ ಎಂಬುದು ಮಾನವಶಾಸ್ತ್ರ ಕೇಳತಕ್ಕ ಪ್ರಶ್ನೆ.

ಜೋನ್ ಟ್ರಾಂಟೊ ಅವರು 1993ರಲ್ಲಿ ಆರೈಕೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು: ಅಗತ್ಯವನ್ನು ಗಮನಿಸುವುದು, ಹೊಣೆ ಹೊರುವುದು, ಕೈಯಾರೆ ಮಾಡುವುದು, ಅದನ್ನು ಪಡೆಯುವುದು. ಮೊದಲ ಎರಡು ಬಲವುಳ್ಳವರ ಪಾಲಿಗೆ, ಮೂರನೆಯದು ಬಲವಿಲ್ಲದವರ ಪಾಲಿಗೆ ಬರುತ್ತದೆಂಬ ಅವರ ವಾದ ನಮ್ಮ ಮನೆಗಳಿಗೆ ಚೆನ್ನಾಗಿ ಒಪ್ಪುತ್ತದೆ. ತಂದೆಯ ಕಾಯಿಲೆಗೆ ವೈದ್ಯರನ್ನು ಗೊತ್ತುಮಾಡಿ ಹಣ ಕಟ್ಟುವ ಮಗನಿಗೆ 'ತಂದೆಯನ್ನು ಚೆನ್ನಾಗಿ ನೋಡಿಕೊಂಡ' ಎಂಬ ಹೆಸರು ಬರುತ್ತದೆ. ರಾತ್ರಿ ಎದ್ದು ಬಟ್ಟೆ ಬದಲಿಸಿದವಳ ಹೆಸರು ಆ ಮಾತಿನಲ್ಲಿ ಇರುವುದಿಲ್ಲ.

6

ಈಗ ಬೆಂಗಳೂರಿನ ಉತ್ತರ ಭಾಗಕ್ಕೆ ಬರೋಣ. ಶ್ರೀನಿವಾಸರು ತಮ್ಮ ಕೊನೆಯ ವರ್ಷಗಳಲ್ಲಿ, 1999ರಲ್ಲಿ ನಿಧನರಾಗುವವರೆಗೆ, ಯಶವಂತಪುರಕ್ಕೆ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕೆಲಸ ಮಾಡಿದರು. ರಾಮಪುರದಲ್ಲಿ ಊರು, ಕೇರಿ ಎಂದು ನೆಲದ ಮೇಲೆಯೇ ಗೆರೆ ಎಳೆದಿದ್ದಿತು. ಅವರು ಕಡೆಗಾಲವನ್ನು ಕಳೆದ ಈ ಕಡೆಯಲ್ಲಿ ಆ ಗೆರೆ ಅಳಿಸಿಹೋಗಿದೆಯೇ, ಅಥವಾ ಬೇರೆ ರೂಪ ತಾಳಿದೆಯೇ ಎಂಬುದನ್ನು ಪರೀಕ್ಷಿಸಲು ಯಲಹಂಕ, ಹೆಬ್ಬಾಳಗಳಿಗಿಂತ ತಕ್ಕ ಸ್ಥಳ ದೊರೆಯಲಾರದು. ಯಲಹಂಕವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಹೊಲ, ತೋಪು, ದ್ರಾಕ್ಷಿತೋಟಗಳಿದ್ದ ಎಡೆಯಲ್ಲಿ ವಸತಿ ಸಮುಚ್ಚಯಗಳು ಎದ್ದವು. ಅವುಗಳನ್ನು ಕಟ್ಟಲು ರಾಯಚೂರು, ಯಾದಗಿರಿ, ಕಲಬುರಗಿಗಳಿಂದಲೂ ಹೊರರಾಜ್ಯಗಳಿಂದಲೂ ಬಂದವರು ತಗಡಿನ ಶೆಡ್ಡುಗಳಲ್ಲಿಯೂ ನೀಲಿ ತಾಡಪಾಲಿನ ಗುಡಿಸಲುಗಳಲ್ಲಿಯೂ ಬಿಡಾರ ಹೂಡಿದರು.

ಇಲ್ಲಿ ಜಮೀನನ್ನೂ ಜಾತಿಯನ್ನೂ ಮಾತ್ರ ಕೇಳುವ ಪ್ರಶ್ನಾವಳಿಗೆ ದೊರೆಯುವ ಉತ್ತರ ಸ್ವಲ್ಪವೇ. ಸಮುಚ್ಚಯದ ನಿವಾಸಿಗಳು ಜಾತಿಯ ಮಾತನ್ನು ಆಡದಿರಬಹುದು. ಆದರೆ ಮನೆಗೆಲಸದವಳಿಗೆ ಬೇರೆ ಲೋಟವಿದೆಯೆ, ಆಕೆ ಯಾವ ಲಿಫ್ಟಿನಲ್ಲಿ ಹತ್ತಬೇಕು, ಪಾತ್ರೆ ತೊಳೆಯುವವಳನ್ನು ಅಡುಗೆಗೆ ಒಪ್ಪುತ್ತಾರೆಯೆ, ಮಗುವನ್ನು ಎತ್ತಿ ಆಡಿಸುವವಳು ಕುರ್ಚಿಯ ಮೇಲೆ ಕೂರಬಹುದೆ, ಈ ನಾಲ್ಕು ಸಂಗತಿಗಳನ್ನು ನೋಡಿದರೆ ಹೇಳದೆ ಉಳಿದದ್ದು ತಾನಾಗಿ ತಿಳಿದುಬರುತ್ತದೆ. ಇಲ್ಲಿಯ ದಿನಚರಿಯನ್ನು ಬೆಳಗಿನ ಜಾವದಿಂದ ಅನುಸರಿಸಬೇಕು. ಬೇರೆಯವರ ಮಗುವನ್ನು ಶಾಲೆಯ ಬಸ್ಸಿಗೆ ಹತ್ತಿಸುವವಳ ಸ್ವಂತ ಮಗುವಿಗೆ ತಲೆ ಬಾಚಿದವರು ಯಾರು? ಬಹುಶಃ ಎಂಟೊಂಬತ್ತು ವರ್ಷದ ಅಕ್ಕ. ಅಥವಾ ಊರಿನಲ್ಲಿ ಉಳಿದ ಅಜ್ಜಿ. ಹೀಗೆ ಒಂದು ಮನೆಯಲ್ಲಿ ತುಂಬಿದ ಆರೈಕೆ ಇನ್ನೊಂದು ಮನೆಯಲ್ಲಿ ಕೊರತೆಯಾಗುತ್ತದೆ. ಈ ಸರಪಣಿಯ ಒಂದು ಕೊನೆ ಯಲಹಂಕದ ಐದನೆಯ ಅಂತಸ್ತಿನಲ್ಲಿದ್ದರೆ ಇನ್ನೊಂದು ಕೊನೆ ಯಾದಗಿರಿಯ ಒಂದು ಹಳ್ಳಿಯಲ್ಲಿರಬಹುದು.

ಸರ್ಕಾರವು ಈ ದುಡಿಮೆಯನ್ನು ಕಂಡಿಲ್ಲವೆನ್ನುವಂತಿಲ್ಲ. ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಗೊತ್ತುಪಡಿಸಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದು ನಡೆದದ್ದು 2004ರಲ್ಲಿ. ಆದರೆ ವೇತನವು ಗಂಟೆಯ ಲೆಕ್ಕದ್ದು. 'ನೀನು ನಮ್ಮ ಮನೆಯವಳಂತೆಯೇ' ಎಂಬ ಒಂದು ಮಾತಿನಿಂದ ಆ ಗಂಟೆಗಳು ಹೇಗೆ ಕರಗಿಹೋಗುತ್ತವೆ, ಅದೇ ಮಾತಿನ ಬಲದಿಂದ ಮಗಳ ಮದುವೆಗೆ ಸಾಲ ಹೇಗೆ ದೊರೆಯುತ್ತದೆ, ಆ ಸಾಲವು ಮತ್ತೆ ದುಡಿಮೆಯನ್ನು ಹೇಗೆ ಕಟ್ಟಿಹಾಕುತ್ತದೆ ಎಂಬುದನ್ನು ಅಧಿಸೂಚನೆ ಹೇಳಲಾರದು. ಒಡನಾಟದಿಂದ ಮಾತ್ರ ಅದು ತಿಳಿಯುತ್ತದೆ.

ಆರೈಕೆಯು ಮನೆಯೊಳಗೆ ಮುಗಿಯುವ ವ್ಯವಹಾರವೂ ಅಲ್ಲ. ನಗರಕ್ಕೂ ದಿನವೂ ಆರೈಕೆ ಬೇಕು. ಬೀದಿ ಗುಡಿಸುವ ಪೌರಕಾರ್ಮಿಕರಲ್ಲಿ ಬಹುಸಂಖ್ಯಾತರು ದಲಿತ ಸ್ತ್ರೀಯರು. ಅವರು ಎತ್ತಿದ ಕಸವು ಬಹುಕಾಲ ಹೋಗಿ ಬಿದ್ದದ್ದು ಯಲಹಂಕದ ಬಳಿಯ ಮಾವಳ್ಳಿಪುರದಂಥ ಹಳ್ಳಿಗಳಲ್ಲಿ. ಅಲ್ಲಿಯ ಜನ ನೀರು ಕೆಟ್ಟು ರೋಗ ಹೆಚ್ಚಿತೆಂದು ಪ್ರತಿಭಟಿಸಿದ ಬಳಿಕ 2012ರಲ್ಲಿ ಆ ಕಸದ ತಾಣವನ್ನು ಮುಚ್ಚಲಾಯಿತು. ಒಂದು ಕಡೆಯ ಅಂಗಳ ಶುಚಿಯಾಗಿರಬೇಕಾದರೆ ಇನ್ನೊಂದು ಕಡೆಯ ಬಾವಿ ಕೆಡಬೇಕೆಂಬ ಏರ್ಪಾಡು, ಮನೆಯೊಳಗೆ ನಾವು ಕಂಡ ಏರ್ಪಾಡಿನ ದೊಡ್ಡ ರೂಪವೇ ಆಗಿದೆ.

7

ಈ ವಾದಕ್ಕೆ ಮೂರು ಆಕ್ಷೇಪಗಳು ಬರಬಹುದು. ಅಂಕಿ ಅಂಶಗಳೇ ಸಾಲವೇ, ಒಡನಾಟದ ಅಧ್ಯಯನ ಏಕೆ ಎಂಬುದು ಮೊದಲನೆಯದು. ಕೇಂದ್ರ ಸರ್ಕಾರದ 2019ರ ಕಾಲಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ತೊಡಗಿದ ಪುರುಷರು 97 ನಿಮಿಷಗಳನ್ನೂ ಕಳೆಯುತ್ತಾರೆ. ಈ ಸಂಖ್ಯೆಗಳ ಬೆಲೆ ದೊಡ್ಡದು. ಆದರೆ ಒಲೆಯ ಮುಂದಿರುವಾಗಲೇ ತೊಟ್ಟಿಲಿನ ಕಡೆಗಿಟ್ಟ ಕಿವಿಗೆ, ನಿದ್ರೆಯಲ್ಲಿಯೂ ರೋಗಿಯ ಕೆಮ್ಮಿಗೆ ಎಚ್ಚರವಾಗುವ ಮನಸ್ಸಿಗೆ ನಿಮಿಷದ ಅಳತೆ ಹೊಂದುವುದಿಲ್ಲ. ಸಂಖ್ಯೆಯು ಪ್ರಶ್ನೆಯನ್ನು ತೋರಿಸಿಕೊಡುತ್ತದೆ; ಒಡನಾಟವು ಅದಕ್ಕೆ ಉತ್ತರವನ್ನು ಅರಸುತ್ತದೆ.

ಆರೈಕೆಯ ಮಾತಿನಲ್ಲಿ ಭೂಮಿ, ಕೂಲಿ, ಅಧಿಕಾರಗಳ ವಿಚಾರ ಮೆದುವಾಗಿ ಮರೆಯಾಗುವುದೆಂಬುದು ಎರಡನೆಯ ಆಕ್ಷೇಪ. ಆರೈಕೆಯನ್ನು ಕೇವಲ ವಾತ್ಸಲ್ಯವೆಂದು ಬಗೆದರೆ ಈ ಭಯ ನಿಜವಾದೀತು. ಆದರೆ ಯಾರಿಗೆ ರಜೆ ದೊರೆಯುತ್ತದೆ, ಯಾರಿಗೆ ಆಸ್ಪತ್ರೆಯ ಬಾಗಿಲು ತೆರೆಯುತ್ತದೆ ಎಂಬುದು ಕೂಲಿಯ ಮತ್ತು ಆಸ್ತಿಯ ಪ್ರಶ್ನೆಯೇ. ದೆಹಲಿಯ ಬಡವರ ಬಡಾವಣೆಗಳಲ್ಲಿ ವೀಣಾ ದಾಸರು ನಡೆಸಿ 2015ರಲ್ಲಿ ಪ್ರಕಟಿಸಿದ ರೋಗದ ಅಧ್ಯಯನವು, ಕಾಯಿಲೆಯೊಡನೆ ಬದುಕುವ ಸಂಸಾರವನ್ನು ನೋಡುತ್ತ ಹೋದರೆ ಬಡತನದ ಕಟ್ಟೋಣವೇ ಕಾಣಸಿಗುತ್ತದೆಂಬುದಕ್ಕೆ ನಿದರ್ಶನ.

ಮೂರನೆಯ ಆಕ್ಷೇಪವೇ ಹೆಚ್ಚು ತೂಕದ್ದು. ಅಡುಗೆಮನೆಗೂ ರೋಗಿಯ ಕೋಣೆಗೂ ಕಾಲಿಡಲು ಸಂಶೋಧಕನಿಗೆ ಹಕ್ಕೇನು? ಹಕ್ಕು ಇಲ್ಲ, ಕರೆದರೆ ಹೋಗಬೇಕು, ಕರೆಯುವ ತನಕ ಕಾಯಬೇಕು. ಅದಕ್ಕಿಂತ ಮುಖ್ಯವಾಗಿ, ಒಡತಿಯ ಮೂಲಕ ಕೆಲಸದವಳನ್ನು ಸಂದರ್ಶಿಸುವ ಸುಲಭ ಮಾರ್ಗವನ್ನು ಬಿಡಬೇಕು. ಪಟೇಲರ ಎತ್ತಿನ ಮನೆಯಿಂದ ಊರು ಹೇಗೆ ಕಂಡಿತೋ ಒಡತಿಯ ನಡುಮನೆಯಿಂದ ಕೆಲಸದವಳ ಬದುಕು ಹಾಗೆಯೇ ಕಾಣುವುದು. ಆಕೆಯ ಬಿಡುವಿನ ವೇಳೆಯಲ್ಲಿ, ಆಕೆಯ ಬಿಡಾರದಲ್ಲಿ, ಆಕೆಯ ನುಡಿಯಲ್ಲಿ ಮಾತು ನಡೆಯಬೇಕು. ಆ ಬಿಡುವು ಹೆಚ್ಚಾಗಿ ಮಧ್ಯಾಹ್ನ ಮೂರರ ಮೇಲೆ, ಇಲ್ಲವೆ ರಾತ್ರಿ. ಕಚೇರಿಯ ಹೊತ್ತಿನ ಕ್ಷೇತ್ರಕಾರ್ಯದಿಂದ ಇದು ಸಾಧ್ಯವಿಲ್ಲ.

ಆದುದರಿಂದ ಉತ್ತರ ಬೆಂಗಳೂರಿನಲ್ಲಿ ಪ್ರಬಂಧಕ್ಕೆ ಸಾಮಗ್ರಿ ಸಂಗ್ರಹಿಸತಕ್ಕ ವಿದ್ಯಾರ್ಥಿಗಳಿಗೆ ನಾವು ಸೂಚಿಸುವುದು ಇಷ್ಟು. ಒಂದು ಮನೆಯನ್ನು ಆರಿಸಿಕೊಂಡಾಗ ಆ ಮನೆಯ ಆರೈಕೆಗೆ ಕೈ ಜೋಡಿಸುವ ಎಲ್ಲರ ಮನೆಗಳೂ ಅಧ್ಯಯನದ ಎಲ್ಲೆಯೊಳಗೆ ಬರತಕ್ಕದ್ದು. ಕೆಲಸಗಳನ್ನು ಕರೆಯುವ ಹೆಸರುಗಳನ್ನು, ಕರೆಯುವವರ ಬಾಯಿಂದ ಬಂದಂತೆಯೇ, ಬರೆದುಕೊಳ್ಳತಕ್ಕದ್ದು. ಕಾಯಿಲೆ, ಹೆರಿಗೆ, ಸಾವು ಸಂಭವಿಸಿದ ದಿನಗಳಲ್ಲಿ ಯಾರ ದುಡಿಮೆ ನಿಂತಿತು, ಯಾರದು ನಿಲ್ಲಲಿಲ್ಲ ಎಂಬುದನ್ನು ಗಮನಿಸತಕ್ಕದ್ದು. ತಮ್ಮ ಸ್ವಂತ ಊಟ, ವಸತಿ, ಉಪಚಾರಗಳ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ದಾಖಲಿಸತಕ್ಕದ್ದು. ರಾಮಪುರದ ಗ್ರಂಥವು ನಮಗೆ ಮನುಷ್ಯರನ್ನು ಹತ್ತಿರದಿಂದ ನೋಡುವುದನ್ನು ಕಲಿಸಿತು. ಆ ಪಾಠವನ್ನು ಹೊಸ್ತಿಲಿನಿಂದ ಒಳಕ್ಕೂ ಊರಿನಿಂದ ಕೇರಿಗೂ ಒಯ್ಯುವುದು ಈಗ ಉಳಿದಿರುವ ಕೆಲಸ.